ಸಮರಕಾಲದ ಒಂದು ಪ್ರೇಮಕಥೆಯನ್ನು ಕಟ್ಟಿದ ಬಗೆ

ನಾವು ವಿದ್ಯಾರ್ಥಿಗಳಾಗಿದ್ದಾಗ ಕೈಬರಹದ ಮಾಸಪತ್ರಿಕೆಯೊಂದನ್ನು ಹೊರಡಿಸುವುದೇ ದೊಡ್ಡ ಸಾಹಸವಾಗಿದ್ದಿತು. ಇಂದಿನ ಕಾಲೇಜಿನ ಹುಡುಗ ಹುಡುಗಿಯರಿಗೆ ಹತ್ತು ನಿಮಿಷದ ಚಲಚ್ಚಿತ್ರವೊಂದನ್ನು ತೆಗೆಯುವುದು ಅಂಥ ಸಾಹಸವಾಗಿರುವುದು. ಅಂಗೈಯಲ್ಲಿರುವ ಮೊಬೈಲೇ ಅವರ ಕ್ಯಾಮೆರಾ. ಮನೆಯ ಹಜಾರವೇ ಸ್ಟುಡಿಯೋ. ಅಕ್ಕನೋ ಅತ್ತಿಗೆಯೋ ನಾಯಕಿ. ಗೃಹಸ್ಥರಾದ ವಾಚಕರಲ್ಲಿ ಹಲವರ ಮನೆಗಳಲ್ಲಿ ಈ ಗಲಾಟೆ ನಡೆದಿರಬಹುದು. ಇದನ್ನು ಕಾಲಹರಣವೆಂದು ಗದರಿಸುವ ಮೊದಲು, ಈಚೆಗೆ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಅವರು ಕೇಳಬೇಕೆಂದು ನಮ್ಮ ಆಸೆ.

ಒಂದು ಭಾನುವಾರ ಸಂಜೆ ರಾಜಾಜಿನಗರದ ನಮ್ಮ ಮನೆಗೆ ಇಂಥ ಐವರು ವಿದ್ಯಾರ್ಥಿಗಳು ಬಂದರು. ಒಬ್ಬಳು ನೆರೆಮನೆಯ ಹುಡುಗಿ. ಉಳಿದವರು ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿರುವ ಆಕೆಯ ಸಹಪಾಠಿಗಳು. ಎರಡನೆಯ ಮಹಾಯುದ್ಧದ ಕಾಲದ ಪ್ರೇಮಕಥೆಯೊಂದನ್ನು ಬರೆದು ತಂದಿದ್ದರು. ಭಾಷೆಯನ್ನು ತಿದ್ದಿಕೊಡಬೇಕೆಂದು ಕೇಳಿದರು. ಕಥೆ ಹೀಗಿದ್ದಿತು: 1942ನೆಯ ಇಸವಿ. ರಾಜಾಜಿನಗರದ ಒಂದು ಮಹಡಿಯ ಮೇಲೆ ನಾಯಕಿ ನಿಂತಿರುವಳು. ಶತ್ರುವಿಮಾನಗಳು ಬಂದು ಬಾಂಬು ಸುರಿಸುವುವು. ಸೇನಾಧಿಕಾರಿಯಾದ ನಾಯಕನು ಧಾವಿಸಿ ಬಂದು ಆಕೆಯನ್ನು ಉಳಿಸುವನು. ಪ್ರೇಮಾಂಕುರ, ವಿದಾಯ, ರಣರಂಗ, ಕೊನೆಗೆ ನಾಯಕಿಯ ಭಾವಚಿತ್ರವನ್ನು ಎದೆಗೊತ್ತಿಕೊಂಡು ವೀರಮರಣ.

ನಾವು ಓದಿ ಮುಗಿಸಿ, "ಈ ಮಹಡಿ ಎಲ್ಲಿದೆ?" ಎಂದು ಕೇಳಿದೆವು.

"ಇಲ್ಲೇ ಸಾರ್, ರಾಜಾಜಿನಗರದಲ್ಲಿ" ಎಂದಳು ನೆರೆಮನೆಯ ಹುಡುಗಿ.

"1942ರಲ್ಲಿ ರಾಜಾಜಿನಗರವೇ ಇರಲಿಲ್ಲವಲ್ಲಮ್ಮ!"

ಮಕ್ಕಳು ಮುಖ ಮುಖ ನೋಡಿಕೊಂಡರು. ಸ್ವತಂತ್ರ ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ಈ ಬಡಾವಣೆ ಆರಂಭವಾದುದು 1949ರಲ್ಲಿ. ಯುದ್ಧ ಮುಗಿದು ನಾಲ್ಕು ವರ್ಷಗಳ ಮೇಲೆ. ವಿಜಯನಗರ, ಬಸವೇಶ್ವರನಗರಗಳು ಇನ್ನೂ ಈಚಿನವು. ಅಂದು ಇಲ್ಲಿದ್ದುದು ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿಗಳೆಂಬ ಊರುಗಳು, ಅವುಗಳ ಹೊಲಗದ್ದೆಗಳು. ಅಷ್ಟೇ ಅಲ್ಲದೆ ಬೆಂಗಳೂರಿನ ಮೇಲೆ ಶತ್ರುಗಳ ಬಾಂಬು ಬಿದ್ದುದೂ ಇಲ್ಲ.

"ಹಾಗಾದರೆ ನಮ್ಮೂರಿಗೆ ಯುದ್ಧ ಬರಲೇ ಇಲ್ಲವೇ ಸಾರ್?" ಎಂದು ಒಬ್ಬ ಹುಡುಗನು ಬೇಸರದಿಂದ ಕೇಳಿದನು.

ಈ ಪ್ರಶ್ನೆ ಬಹಳ ಒಳ್ಳೆಯದು. ಅವರ ಕಥೆ ನಿಜವಾಗಿ ಆರಂಭವಾದುದು ಇಲ್ಲಿಂದಲೇ ಎಂದು ಹೇಳಬೇಕು.

ಯುದ್ಧವು ಬೆಂಗಳೂರಿಗೆ ಆಕಾಶಮಾರ್ಗದಿಂದ ಬರಲಿಲ್ಲ. ಮನೆಯ ಬಾಗಿಲಿನಿಂದ ಬಂದಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿ ನಿಂತುಹೋಗಿ ಧಾನ್ಯದ ಅಭಾವ ತಲೆದೋರಿತು. ಅದೇ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬೀಳಲು ಮದರಾಸಿನ ಜನ ಊರು ತೊರೆದರು. ನೆಂಟರ ಮನೆಗಳನ್ನು ಹುಡುಕಿಕೊಂಡು ಬೆಂಗಳೂರಿಗೂ ಬಂದರು. ಬಿನ್ನಿ ಗಿರಣಿಯಲ್ಲಿ ಸೈನ್ಯಕ್ಕಾಗಿ ಬಟ್ಟೆ ನೇಯಲಾಗುತ್ತಿದ್ದಿತು. ನಗರದ ಪೂರ್ವದಿಕ್ಕಿನಲ್ಲಿ 1940ರಲ್ಲಿ ಸ್ಥಾಪಿತವಾಗಿದ್ದ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳನ್ನು ದುರಸ್ತು ಮಾಡುತ್ತಿದ್ದರು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಸುತ್ತಣ ಶಿಬಿರಗಳಿಗೆ ತಂದು ಇರಿಸಿದ್ದರು. ಆ ಆಗಸ್ಟಿನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಹೊತ್ತಿಕೊಂಡಾಗ ವಿದ್ಯಾರ್ಥಿಗಳೂ ಗಿರಣಿಯ ಕೆಲಸಗಾರರೂ ಮುಷ್ಕರ ಹೂಡಿದರು. ಬೆಂಗಳೂರಿನ ಬೀದಿಗಳಲ್ಲಿ ಗುಂಡು ಹಾರಿತು. ಇಷ್ಟೆಲ್ಲ ಇರುವಾಗ ಬಾಂಬನ್ನು ಕಲ್ಪಿಸಿಕೊಳ್ಳುವ ಅವಶ್ಯಕತೆ ಏನಿದೆ?

ಆದುದರಿಂದ ಮೊದಲು ಕಥೆಗೆ ಒಂದು ಊರನ್ನು ಗೊತ್ತುಮಾಡಿದೆವು. ಕೆಂಗೇರಿ ಅಂದೂ ಇದ್ದ ಊರು. ಅದರ ಪಕ್ಕದಲ್ಲಿ ವೃಷಭಾವತಿ ಹರಿಯುತ್ತಿದ್ದಳು. ಬೆಂಗಳೂರು ಮೈಸೂರುಗಳ ನಡುವಣ ಮೀಟರ್ ಗೇಜ್ ರೈಲುದಾರಿಯ ಮೇಲಿನ ಸ್ಟೇಷನ್ ಅದು. ಊರಿಗೆ ಅಂಚೆಯೂ ಮಂದಿಯೂ ಅದೇ ದಾರಿಯಲ್ಲಿ ಬರುವುದಾದರೆ, ಉಗಿಬಂಡಿಯ ಕೂಗು ಕೇಳಿಸಿದಾಗಲೆಲ್ಲ ಯಾರದೋ ಎದೆ ಹಾರಲೇಬೇಕು. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಕ್ಕುವುದಿಲ್ಲ.

ಅನಂತರ ನಾಯಕ. ಮಕ್ಕಳು ಬರೆದಿದ್ದವನಿಗೆ ಊರಿಲ್ಲ, ತಾಯಿಯಿಲ್ಲ, ಹಸಿವಿಲ್ಲ, ಇದ್ದುದು ಸಮವಸ್ತ್ರವೊಂದೇ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಸೈನ್ಯವಿದ್ದಿತೆಂಬುದನ್ನು ಅವರಿಗೆ ನೆನಪುಮಾಡಿದೆವು. ಸಂಸ್ಥಾನದ ಕಾಲಾಳು ಪಡೆಯೊಂದು ಸಿಂಗಪುರದಲ್ಲಿದ್ದಿತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಗತವಾದಾಗ ಸೆರೆಸಿಕ್ಕಿದ ಸಾವಿರಾರು ಭಾರತೀಯ ಸೈನಿಕರಲ್ಲಿ ನಮ್ಮವರೂ ಇದ್ದರು. ಎರಡು ದಿನಗಳ ಮೇಲೆ ಫೆರರ್ ಪಾರ್ಕ್ ಎಂಬ ಬಯಲಿನಲ್ಲಿ ಭಾರತೀಯರನ್ನು ಬೇರೆಯಾಗಿ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು. ಕೆಲವರು ಆಜಾದ್ ಹಿಂದ್ ಸೇನೆಯನ್ನು ಸೇರಿದರು. ಕೆಲವರು ಒಪ್ಪದೆ ಸೆರೆಯಲ್ಲಿಯೇ ಉಳಿದು ದೂರದ ದ್ವೀಪಗಳಿಗೆ ಸಾಗಿಸಲ್ಪಟ್ಟರು. 1945ರ ಆಗಸ್ಟಿನಲ್ಲಿ ಜಪಾನು ಸೋಲುವವರೆಗೆ, ಎಂದರೆ ಮೂರೂವರೆ ವರ್ಷ, ಎಷ್ಟೋ ಮನೆಗಳಿಗೆ ತಮ್ಮ ಹುಡುಗ ಬದುಕಿರುವನೋ ಇಲ್ಲವೋ ತಿಳಿಯದು. ನಾಯಕನು ಇಂಥ ಒಬ್ಬ ಸಿಪಾಯಿಯಾಗಲಿ ಎಂದೆವು. ರಣರಂಗವನ್ನು ತೋರಿಸಬೇಕಾಗಿಲ್ಲ, ಅವನನ್ನೇ ಮತ್ತೆ ತೋರಿಸಬೇಕಾಗಿಲ್ಲ. ಪ್ರೇಕ್ಷಕರಿಗೆ ಸಿಂಗಪುರ ಬಿದ್ದುದು ಗೊತ್ತು; ಕೆಂಗೇರಿಯಲ್ಲಿ ಕಾದಿರುವವರಿಗೆ ಅವನ ಗತಿ ಗೊತ್ತಿಲ್ಲ. ಈ ಎರಡು ಅರಿವುಗಳ ನಡುವಣ ಅಂತರದಲ್ಲಿಯೇ ಕಥೆ ನಿಲ್ಲುವುದು.

ಮೂರನೆಯದಾಗಿ ನಾಯಕಿ. ಪ್ರತಿಯೊಂದು ಪಾತ್ರದ ವಿಷಯದಲ್ಲಿಯೂ ಮೂರು ಮಾತುಗಳನ್ನು ಕೇಳಿಕೊಳ್ಳಬೇಕೆಂದು ನಾವು ಹೇಳಿದೆವು: ಇವಳಿಗೆ ಏನು ಬೇಕಾಗಿದೆ, ಇವಳು ಯಾವುದಕ್ಕೆ ಹೆದರುವಳು, ಏನನ್ನು ಬಚ್ಚಿಡುವಳು? ಕಿಟಕಿಯ ಬಳಿ ನಿಂತು ಕಣ್ಣೀರಿಡುವುದೇ ಅವಳ ಕೆಲಸವಾದರೆ ಆ ಕಣ್ಣೀರು ಯಾರಿಗೂ ತಾಕದು. ಅವಳಿಗೆ ಮಾಡಲು ಒಂದು ಕೆಲಸವಿರಬೇಕು. ಆಗ ಕೆಂಗೇರಿಯ ಹುಡುಗ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದವನು, ಮೆಲ್ಲನೆ ಹೇಳಿದನು: "ಅವಳಿಗೆ ಓದು ಬರಲಿ ಸಾರ್. ಊರಿನಲ್ಲಿ ಓದು ಬಾರದ ಹೆಂಗಸರೆಲ್ಲ ಅವಳ ಕೈಯಲ್ಲಿ ಕಾಗದ ಓದಿಸಿಕೊಳ್ಳಲಿ."

ಇದರಿಂದ ಎಲ್ಲವೂ ಬಿಡಿಸಿಕೊಂಡಿತು. ನಾಯಕಿ ಊರಿನ ಅಂಚೆಯ ಗುಮಾಸ್ತನ ಮಗಳು. ಸಿಪಾಯಿಯ ತಾಯಿಗೆ ಓದು ಬಾರದು. ಹೊರಡುವ ಮುನ್ನ ಅವನು ಹುಡುಗಿಯೊಡನೆ ಆಡುವುದು ಒಂದೇ ಮಾತು: "ಅವ್ವನಿಗೆ ನನ್ನ ಕಾಗದ ನೀವೇ ಓದಿ ಹೇಳಬೇಕು." ಅಂದಿನ ಹಳ್ಳಿಯಲ್ಲಿ ಹುಡುಗ ಹುಡುಗಿಯರು ಪ್ರೀತಿಯೆಂಬ ಶಬ್ದವನ್ನು ಬಾಯಲ್ಲಿ ಆಡುತ್ತಿರಲಿಲ್ಲ, ಮದುವೆಯಾದ ಮೇಲೂ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆದುದರಿಂದ ಈ ಕೋರಿಕೆಯೇ ಅವನ ಪ್ರೇಮನಿವೇದನೆ. ಅವನ ಕಾಗದಗಳು ಬರುವುವು. ಮೇಲ್ವಿಳಾಸ ತಾಯಿಯದು, ಸೈನ್ಯದ ಸೆನ್ಸಾರ್ ಅಧಿಕಾರಿಯ ಕಣ್ಣಿಗೆ ಬಿದ್ದೇ ಬರಬೇಕಾದವು. ಕ್ಷೇಮಸಮಾಚಾರ, ಹಸುವಿನ ವಿಚಾರ, ಸಾಲದ ವಿಚಾರ ಎಲ್ಲ ಮುಗಿದ ಮೇಲೆ ಪ್ರತಿಯೊಂದು ಕಾಗದದ ಕೊನೆಯಲ್ಲಿಯೂ ಒಂದು ವಾಕ್ಯ: ಹಿತ್ತಲಿನ ಸಂಪಿಗೆ ಗಿಡ ಎಷ್ಟು ಎತ್ತರವಾಯಿತು? ತಾಯಿಯ ಹಿತ್ತಲಿನಲ್ಲಿರುವುದು ನುಗ್ಗೆಯ ಮರವೊಂದೇ. ಸಂಪಿಗೆಯ ಸಸಿ ಇರುವುದು ಗುಮಾಸ್ತನ ಹಿತ್ತಲಿನಲ್ಲಿ. ಅದನ್ನು ತಂದು ನೆಟ್ಟವನು ಅವನೇ. ಒಂದೇ ಕಾಗದ, ಓದಿಸಿಕೊಳ್ಳುವವಳಿಗೆ ಒಂದು ಅರ್ಥ, ಓದುವವಳಿಗೆ ಇನ್ನೊಂದು.

ಫೆಬ್ರವರಿಯ ಮೇಲೆ ಕಾಗದಗಳು ನಿಲ್ಲುವುವು. ತಾಯಿ ಮಾತ್ರ ತಪ್ಪದೆ ಬರುವಳು. ಒಂದು ದಿನ ಹುಡುಗಿಗೆ ಇಲ್ಲವೆನ್ನುವುದಕ್ಕೆ ಬಾಯಿ ಬಾರದೆ, ಹಳೆಯ ಕಾಗದವೊಂದನ್ನು ತೆಗೆದು, ಹೊಸದೆಂಬಂತೆ ಬಿಡಿಸಿ, ತನ್ನ ಮನಸ್ಸಿಗೆ ತೋರಿದುದನ್ನು ಓದಿಹೇಳುವಳು.

ಇಲ್ಲಿ ಮಕ್ಕಳಲ್ಲಿ ಜಗಳ ಹತ್ತಿತು. ಅದು ದ್ರೋಹವೆಂದು ನೆರೆಮನೆಯ ಹುಡುಗಿ; ಕರುಣೆಯೆಂದು ಬಸವೇಶ್ವರನಗರದವನು. ಮಗ ಸತ್ತಿದ್ದರೆ ತಾಯಿಗೆ ಅಳುವ ಹಕ್ಕನ್ನೂ ತಪ್ಪಿಸಿದಂತಾಯಿತಲ್ಲವೇ ಎಂದು ಆಕೆ. ಬದುಕಿದ್ದರೆ ಅವಳನ್ನು ಕೊರಗಿನಿಂದ ಉಳಿಸಿದಂತಾಯಿತಲ್ಲವೇ ಎಂದು ಇವನು. ನಾವು ತೀರ್ಪು ಹೇಳಲಿಲ್ಲ. ಇಬ್ಬರು ಒಳ್ಳೆಯವರು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟು, ಎರಡೂ ಸರಿಯೆಂದು ತೋರಿದರೆ, ಕಥೆಗೆ ಜೀವ ಬಂದಿತೆಂದು ತಿಳಿಯಬೇಕು. ನಾಯಕಿಗೆ ಒಬ್ಬ ಅಣ್ಣನನ್ನು ಕೊಟ್ಟುದೂ ಇದೇ ಕಾರಣಕ್ಕೆ. ಅವನು ಬಿನ್ನಿ ಗಿರಣಿಯ ಕೆಲಸಗಾರ, ಸಿಪಾಯಿಯ ಬಾಲ್ಯಸ್ನೇಹಿತ. ಇಂಗ್ಲಿಷರ ಯುದ್ಧಕ್ಕೆ ಹೋದವನೆಂದು ಸ್ನೇಹಿತನ ಮೇಲೆ ಅವನಿಗೆ ಕೋಪ. ಆಗಸ್ಟಿನಲ್ಲಿ ತಾನೇ ಮುಷ್ಕರಕ್ಕೆ ಇಳಿಯುವನು. ಆ ಸ್ನೇಹಿತನು ಕಡಲಾಚೆ ಇಂಗ್ಲಿಷರ ವಿರುದ್ಧವೇ ಕೋವಿ ಹಿಡಿದಿರಬಹುದೆಂಬುದನ್ನು ಅವನು ಬಲ್ಲನೇ? ಕೇಡಿಗರಿಲ್ಲದೆಯೂ ಮನೆಯೊಳಗೆ ಯುದ್ಧ ನಡೆಯುವುದು ಹೀಗೆ.

ಜಗಳ ಜೋರಾಗಿರಲು ಅಷ್ಟು ಹೊತ್ತೂ ಮೂಲೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ನಮ್ಮ ಸೋದರತ್ತೆಯವರು ತಲೆಯೆತ್ತಿದರು. ಅವರಿಗೆ ಈಗ ತೊಂಬತ್ತರ ಹತ್ತಿರ. ಯುದ್ಧ ಮುಗಿದಾಗ ಸಣ್ಣ ಹುಡುಗಿ.

"ಓದು ಬಾರದವಳು ಅಂದರೆ ಬುದ್ಧಿ ಇಲ್ಲದವಳು ಅಂತ ತಿಳಿದಿರೇನು ಮಕ್ಕಳೆ?" ಎಂದರು. "ನಮ್ಮಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಕಾಗದ ಓದುವವರ ದನಿ ಕೇಳಿಯೇ, ಅವರು ಯಾವ ಸಾಲು ನುಂಗಿದರು ಅಂತ ಹೇಳಿಬಿಡುತ್ತಿದ್ದಳು."

ಹಜಾರ ನಿಶ್ಶಬ್ದವಾಯಿತು. ಕೆಂಗೇರಿಯ ಹುಡುಗನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದನು: "ಹಾಗಾದರೆ ತಾಯಿಗೆ ಗೊತ್ತಾಗಿದೆ ಅಜ್ಜಿ. ಸಂಪಿಗೆ ಗಿಡದಿಂದ ಗೊತ್ತಾಗಿದೆ."

ಅವನು ಕಂಡುದು ಇದು: ಹುಡುಗಿ ಸುಳ್ಳು ಕಾಗದದಲ್ಲಿ ಹಸು, ಸಾಲ, ಹವೆ, ಊಟ ಎಲ್ಲವನ್ನೂ ಕಟ್ಟಿ ಹೇಳಬಲ್ಲಳು. ಸಂಪಿಗೆಯ ವಾಕ್ಯವೊಂದನ್ನು ಮಾತ್ರ ಹೇಳಲಾರಳು. ಏಕೆಂದರೆ ಅದು ತನಗಾಗಿ ಬಂದ ಮಾತು. ತನ್ನ ಮೇಲಣ ಪ್ರೀತಿಯನ್ನು ಅವನ ಪರವಾಗಿ ತಾನೇ ನುಡಿಯುವುದು ಅವಳಿಂದಾಗದು. ಕೈಯಲ್ಲಿರುವ ಹಳೆಯ ಕಾಗದದಲ್ಲಿ ಆ ಸಾಲು ಕಣ್ಣಿಗೆ ಕಾಣುತ್ತಿದ್ದರೂ ಅವಳು ಅದನ್ನು ದಾಟಿಬಿಡುವಳು. ತಾಯಿ ಒಂದು ಸಂಜೆ ಎದ್ದು ಹೊರಡುತ್ತ ಹೊಸ್ತಿಲಲ್ಲಿ ನಿಂತು, "ಸಂಪಿಗೆ ಗಿಡದ ಮಾತು ಬರಲಿಲ್ವಲ್ಲ ಮಗಾ" ಎನ್ನುವಳು. ಕಾಗದ ಸುಳ್ಳೆಂಬುದೂ ಅವಳಿಗೆ ತಿಳಿದಿದೆ. ಆ ಗಿಡ ಯಾರ ಹಿತ್ತಲಿನದೆಂಬುದೂ ತಿಳಿದಿದೆ. ಹುಡುಗಿ ತಲೆ ತಗ್ಗಿಸುವಳು. ತಾಯಿ ಸೆರಗನ್ನು ಸರಿಮಾಡಿಕೊಂಡು, "ನಾಳೆಗೂ ಬತ್ತೀನಿ. ಓದು" ಎಂದು ಹೊರಟುಹೋಗುವಳು.

ನೆರೆಮನೆಯ ಹುಡುಗಿ ಕಣ್ಣೊರಸಿಕೊಂಡಳು, ವಾದವನ್ನು ಮುಂದುವರಿಸಲಿಲ್ಲ.

ಇನ್ನು ಚಿತ್ರವನ್ನು ತೆಗೆಯುವ ಬಗೆ. ಹತ್ತು ನಿಮಿಷ ಸಾಲದೆಂದು ಮಕ್ಕಳ ಕೊರಗು. ಅವರಿಗೆ ಆ ಕಾಲದ್ದೇ ಒಂದು ಸಂಗತಿಯನ್ನು ಹೇಳಿದೆವು. ಯುದ್ಧದಿಂದಾಗಿ ಕಚ್ಚಾ ಫಿಲ್ಮಿನ ಅಭಾವವುಂಟಾಗಲು, ಯಾವ ಕಥಾಚಿತ್ರವೂ 11,000 ಅಡಿಯನ್ನು ಮೀರಕೂಡದೆಂದು ಸರ್ಕಾರ ಕಟ್ಟುಮಾಡಿದ್ದಿತು. ವಾಕ್ಚಿತ್ರದ ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುವುದರಿಂದ ಅದು ಎರಡು ಗಂಟೆಗೆ ಸ್ವಲ್ಪ ಮೇಲೆ. ಈ ಲೆಕ್ಕದಲ್ಲಿ ಮಕ್ಕಳಿಗೆ ಸಿಕ್ಕಿರುವುದು 900 ಅಡಿ. ಮೊಬೈಲಿಗೆ ಫಿಲ್ಮಿನ ಖರ್ಚಿಲ್ಲವಾದರೂ, ಅಡಿಗಿಷ್ಟು ದುಡ್ಡೆಂದು ಭಾವಿಸಿಕೊಂಡು ಬರೆದರೆ ವ್ಯರ್ಥವಾದ ದೃಶ್ಯ ಒಂದೂ ಉಳಿಯದು. ದೃಶ್ಯದ ಮೊದಲಿಗೂ ಕೊನೆಗೂ ಯಾರ ಸ್ಥಿತಿಯಲ್ಲಿಯೂ ಬದಲಾವಣೆಯಿಲ್ಲದಿದ್ದರೆ ಆ ದೃಶ್ಯವನ್ನು ತೆಗೆದುಹಾಕಬಹುದು.

ಬೆಂಗಳೂರಿನಲ್ಲಿ ಚಲಚ್ಚಿತ್ರವಿದ್ಯೆಯ ಪಾಠ ಮೊದಲಾದುದೂ ಆ ಯುದ್ಧದ ವರ್ಷಗಳಲ್ಲಿಯೇ ಎಂಬುದು ನೆನೆಯತಕ್ಕ ವಿಷಯ. 1943ರಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಕಲಿಸುತ್ತಿದ್ದರು. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಅಲ್ಲಿ ಓದಿ 1946ರಲ್ಲಿ ಹೊರಬಂದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಅವರು ಬೆಳಕಿನ ಕೋಲುಗಳಿಂದ ರಚಿಸಿದ ದೃಶ್ಯಗಳನ್ನು ಇಂದಿಗೂ ವಿದ್ಯಾರ್ಥಿಗಳು ನೋಡಿ ಕಲಿಯುವರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರಲ್ಲಿ ಅದನ್ನು ಪಡೆದವರು ಅವರೇ ಮೊದಲಿಗರು. ಅವರಿಂದ ಈ ಮಕ್ಕಳು ಕಲಿಯಬಹುದಾದ ಪಾಠವೊಂದುಂಟು. ಇಂದಿನ ಕೆಂಗೇರಿಗೆ ವಿದ್ಯುತ್ ರೈಲೂ 2021ರಿಂದ ಮೆಟ್ರೋ ರೈಲೂ ಬರುತ್ತಿರುವುವು. ಅಲ್ಲಿ ನಿಂತು 1942ನ್ನು ತೋರಿಸಲಾಗದು. ಆದರೆ ಕತ್ತಲೆಯ ಕೋಣೆ, ಒಂದು ಕಿಟಕಿ, ಅದರಿಂದ ಬಿದ್ದ ಬೆಳಕಿನಲ್ಲಿ ಕಾಗದ ಹಿಡಿದ ಎರಡು ಕೈಗಳು, ದೂರದಲ್ಲಿ ಉಗಿಬಂಡಿಯ ಕೂಗು: ಇಷ್ಟಿದ್ದರೆ ಪ್ರೇಕ್ಷಕನು ಸ್ಟೇಷನ್ನನ್ನು ತಾನೇ ಕಟ್ಟಿಕೊಳ್ಳುವನು. ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಬಿಂದಿಗೆ ಇರದಂತೆ ನೋಡಿಕೊಂಡರೆ ಸಾಕು. ಹಿತ್ತಾಳೆಯ ಚೊಂಬು, ಮಣ್ಣಿನ ಗಡಿಗೆ, ಸೀಮೆಎಣ್ಣೆಯ ಬುಡ್ಡಿ ಇರಲಿ.

ಕೊನೆಯದಾಗಿ, ಅವನು ಹಿಂದಿರುಗುವನೇ? ಇದರ ಬಗ್ಗೆ ಮಕ್ಕಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಅವರಿಗೆ ಮೂರು ಕೃತಿಗಳನ್ನು ನೋಡಿಕೊಳ್ಳುವಂತೆ ಹೇಳಿದೆವು. ಹಿಂದಿಯಲ್ಲಿ ಚಂದ್ರಧರ ಶರ್ಮಾ ಗುಲೇರಿಯವರು 1915ರಲ್ಲಿ ಬರೆದ 'ಉಸನೇ ಕಹಾ ಥಾ' ಎಂಬ ಸಣ್ಣಕಥೆ ಮೊದಲನೆಯದು. ಬಾಲ್ಯದಲ್ಲಿ ಕಂಡ ಹುಡುಗಿಯೊಬ್ಬಳು ಎಷ್ಟೋ ವರ್ಷಗಳ ಮೇಲೆ ಮಾಡಿದ ಒಂದು ಪ್ರಾರ್ಥನೆಗಾಗಿ, ಆಕೆಯ ಗಂಡನನ್ನೂ ಮಗನನ್ನೂ ಉಳಿಸಿ ತಾನು ಪ್ರಾಣ ಬಿಡುವ ಸಿಖ್ ಸೈನಿಕನ ಕಥೆ ಅದು. ಎರಡನೆಯದು 1959ರ ರಷ್ಯನ್ ಚಿತ್ರ. 'ಸೈನಿಕನೊಬ್ಬನ ಲಾವಣಿ' ಎಂದು ಅದರ ಹೆಸರಿನ ಅರ್ಥ. ನಿರ್ದೇಶಕ ಗ್ರಿಗೋರಿ ಚುಖ್ರಾಯ್. ತಾಯಿಯ ಮನೆಯ ಮಾಡನ್ನು ಸರಿಮಾಡಿಕೊಡಲು ರಜೆ ಪಡೆದ ಹುಡುಗನ ರಜೆಯೆಲ್ಲ ದಾರಿಯಲ್ಲಿಯೇ ಕಳೆಯುವುದು. ತಾಯಿ ಸಿಕ್ಕುವುದು ಕೆಲವೇ ನಿಮಿಷ. ಅವನು ಮರಳಿ ಬರಲಿಲ್ಲವೆಂದು ಚಿತ್ರದ ಆದಿಯಲ್ಲಿಯೇ ಹೇಳಿಬಿಡುವರು. ಆದರೂ ಕೊನೆಯವರೆಗೆ ನಮ್ಮ ಕಣ್ಣು ಕದಲದು. ಮೂರನೆಯದು ನಮ್ಮದೇ 'ಮುತ್ತಿನ ಹಾರ'. ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರು 1990ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ, ಸುಹಾಸಿನಿ ಅವನನ್ನು ವರಿಸಿದ ದಾದಿ. ಅದು ವಿಶಾಲವಾದ ಚಿತ್ರ. ಹಿಮ, ಮರಳು, ಸೈನ್ಯ ಎಲ್ಲವೂ ಅದರಲ್ಲುಂಟು. ವಿದ್ಯಾರ್ಥಿಗಳು ಅದರ ವಿಸ್ತಾರಕ್ಕೆ ಆಸೆಪಡದೆ, ಯುದ್ಧದ ಬೆಲೆಯನ್ನು ಒಂದು ಸಂಸಾರದಲ್ಲಿ ಎಣಿಸುವ ಅದರ ಬಗೆಯನ್ನು ಗಮನಿಸಿದರೆ ಒಳ್ಳೆಯದು.

ನಮ್ಮ ಅಭಿಪ್ರಾಯವನ್ನು ಕೇಳಿದರೆ, 1945ರ ಶರತ್ಕಾಲದ ಒಂದು ಬೆಳಗ್ಗೆ ಚಿತ್ರ ಮುಗಿಯಲಿ. ಸೆರೆಯಾಳುಗಳು ಊರುಗಳಿಗೆ ಮರಳುತ್ತಿರುವರೆಂಬ ಸುದ್ದಿ ಬಂದಿದೆ. ಇಬ್ಬರು ಹೆಂಗಸರೂ ಹಿತ್ತಲಿನಲ್ಲಿರುವರು. ಸಂಪಿಗೆ ಆಳೆತ್ತರವನ್ನು ಮೀರಿ ಬೆಳೆದು ಮೊದಲ ಮೊಗ್ಗು ಬಿಟ್ಟಿದೆ. ದೂರದಲ್ಲಿ ರೈಲು ಕೂಗುವುದು. ಇಬ್ಬರೂ ತಿರುಗಿ ನೋಡುವರು. ಅಷ್ಟೇ.

ಮಕ್ಕಳು ಹೊರಟು ನಿಂತಾಗ ಒಂದು ಮಾತನ್ನು ಹೇಳಿ ಕಳುಹಿದೆವು. ಅದನ್ನು ವಾಚಕರಿಗೂ ಹೇಳುವೆವು. 1942ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರು ಇಂದು ಇದ್ದರೆ ನೂರನ್ನು ದಾಟಿರುವರು. ಅಂದು ಕಾಗದಕ್ಕಾಗಿ ಕಾದವರಲ್ಲಿ ಉಳಿದಿರುವವರು ತೀರ ವಿರಳ. ಅವರನ್ನು ಕಣ್ಣಾರೆ ಕಂಡ ಮಕ್ಕಳೇ ಈಗ ಮುದುಕರು. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನ ತಳದಲ್ಲಿ ಅಂಥ ಕಾಗದಗಳಿದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ಓದಿರಿ. ಹಿರಿಯರು ಬದುಕಿದ್ದರೆ ಕೇಳಿರಿ. ಅವರು ಹೇಳಲೊಲ್ಲದುದನ್ನು ಬಲವಂತದಿಂದ ಕೇಳಬೇಡಿರಿ. ಹೇಳಿದುದನ್ನು ಕಥೆಗೆ ಬಳಸಿಕೊಳ್ಳುವುದಾದರೆ ಅವರ ಒಪ್ಪಿಗೆಯನ್ನು ಪಡೆದು, ಹೆಸರನ್ನು ಬಿಟ್ಟು ಬಳಸಿಕೊಳ್ಳಿರಿ.

ಮಕ್ಕಳು ಹೋದ ಮೇಲೆ, "ನಿಮ್ಮಜ್ಜಿಗೆ ಬರುತ್ತಿದ್ದ ಕಾಗದ ಯಾರದು?" ಎಂದು ನಾವು ಅತ್ತೆಯವರನ್ನು ಕೇಳಿದೆವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅದುವರೆಗೆ ನಾವು ಅದನ್ನು ಕೇಳಿರಲಿಲ್ಲ. ಅವರು ಬಿಡಿಸಿದ ಅವರೆಕಾಳನ್ನು ಮೊರದಲ್ಲಿ ಒಂದು ಕಡೆಗೆ ಸರಿಸಿ, "ಕುಳಿತುಕೊ, ಹೇಳುತ್ತೇನೆ" ಎಂದರು.